ಬಾಕಿ ಮೂವತ್ತೇಳು

ಜೂನ್ ಮೂವತ್ತು, ಸಂಜೆ ಏಳೂವರೆ.
ಭಾಂಡುಪ್ ಸ್ಟೇಷನ್ನಿನೆದುರಿನ ಹೋಟೆಲಿನ ಮಾಳಿಗೆ,
ಏಸಿ ತೊಟ್ಟಿಕ್ಕುವಲ್ಲೊಂದು ಬಕೆಟ್ಟು.
ಹಾಜರಿದ್ದವರು ಹದಿನಾಲ್ಕು.
ನಾಳೆಯಿಂದ ಸಂಘಕ್ಕೆ ಹೊಸ ವರ್ಷ.
ಬ್ಯಾನರು ಹಳೆಯದೇ. ಇಸವಿಯ ಮೇಲೆ
ಹೊಸ ಇಸವಿಯ ಚೀಟಿ ಅಂಟಿಸಿದ್ದೇನೆ,
ಅದರಡಿ ಇನ್ನೂ ಮೂರು ಇಸವಿಗಳಿವೆ.

ಈ ಸಲದ ಘೋಷವಾಕ್ಯ ಮೇಲಿನ ಆಫೀಸಿನಿಂದಲೇ ಬಂದಿದೆ:
ದೂರದೃಷ್ಟಿ.
ಹೊಸ ಅಧ್ಯಕ್ಷರು, ಸಂಕಪ್ಪ ಕರ್ಕೇರ,
ಕನ್ನಡಕ ಹಣೆಗೇರಿಸಿ ಎದ್ದು ನಿಂತರು:
ಸಾವಿರ ಗಿಡ, ಐನೂರು ಬಾಟ್ಲಿ ರಕ್ತ,
ಒಂದು ಆಂಬುಲೆನ್ಸು, ಸಾಧ್ಯವಾದರೆ ಎರಡು.
ಚಪ್ಪಾಳೆ.
ಬರೆದುಕೊಂಡೆ.

ಹೋದ ವರ್ಷದ ಐನೂರು ಗಿಡ ಏನಾದವೆಂದು
ಕೇಳಿದವನು ದತ್ತಾರಾಮ ಪೇಡ್ನೇಕರ್. ಅವನಿಗೆ ಕೇಳುವ ಚಟ.
ನಾನೇ ಹೋಗಿ ಎಣಿಸಿದ್ದೆ: ಹನ್ನೊಂದು.
ಒಂದರ ಬೇಲಿಗೆ ಚಹಾದವನ ಒರಸುಬಟ್ಟೆ ಒಣಹಾಕಿದೆ,
ಬೇಲಿಯ ಮೇಲಿನ ನಮ್ಮ ಹೆಸರಿನಷ್ಟು
ಗಿಡ ಇನ್ನೂ ಬೆಳೆದಿಲ್ಲ.
ಇದನ್ನು ಬರೆದುಕೊಳ್ಳಬೇಡಿ ಎಂದರು.
ಬರೆದುಕೊಂಡೆ.

'ಇತರ ವಿಷಯಗಳು', ವಡೆ ಬರುವ ಮೊದಲು.
ನಾನೆಂದೆ: ನೇತ್ರ ಶಿಬಿರದ ಮೂವತ್ತೇಳು ಕನ್ನಡಕ
ನಮ್ಮನೆ ಅಟ್ಟದಲ್ಲಿವೆ, ಬೂಟಿನ ಡಬ್ಬದೊಳಗೆ,
ಹೆಸರು ನಂಬರು ಸಮೇತ. ಒಯ್ಯಲು ಯಾರೂ ಬಂದಿಲ್ಲ.
ಮೊದಲ ಗುರಿ ಅದಾಗಲಿ.
ಕರ್ಕೇರರು ನಕ್ಕರು: 'ವಾರಿಜಕ್ಕ, ಅದು ಬಾಕಿ,
ಗುರಿಯಲ್ಲ.'
ಮೂವತ್ತೇಳಕ್ಕೆ ಯಾವ ಪೇಪರಿನವನು ಬರುತ್ತಾನೆ
ಎಂದರು ಖಜಾಂಚಿ.
ಹೇಳದೆ ಬಿಟ್ಟದ್ದು: ಕೊಡುತ್ತೇವೆಂದು ನಾವು ಕರೆದ ದಿನ
ಬುಧವಾರ, ಹಗಲು ಹನ್ನೊಂದು.
ಕೂಲಿಗೆ ಹೋಗುವವರು ಆ ಹೊತ್ತಿಗೆ ಎಲ್ಲಿಂದ ಬರಬೇಕು?

ಜುಲೈ ಒಂದು.
ಪದಗ್ರಹಣದ ಸೀರೆ ಉಡಬೇಕಿದ್ದ ಹೊತ್ತಿಗೆ
ಡಬ್ಬವನ್ನು ಕಂಕುಳಲ್ಲಿರುಕಿ ಗುಡ್ಡದ ಮೆಟ್ಟಿಲು ಹತ್ತಿದೆ.
ಒಂದು ಬದಿ ಗಟಾರ, ಒಂದು ಬದಿ ಬಾಗಿಲುಗಳು,
ನೀರಿನ ಪೈಪುಗಳು ನನ್ನ ಜೊತೆಜೊತೆಗೇ ಹತ್ತುತ್ತಿದ್ದವು.
ಅರ್ಧದಷ್ಟು ವಿಳಾಸ 'ಹಿಟ್ಟಿನ ಗಿರಣಿಯ ಹಿಂದೆ'.
ಗಿರಣಿ ಈಗ ಮೊಬೈಲಿನಂಗಡಿ.

ನಂಬರ್ ನಾಲ್ಕು, ಪಾರೂಬಾಯಿ ಖರಾತ್:
ಹಾಕಿಕೊಂಡು ಮೊದಲು ನೋಡಿದ್ದು ಮೊರದಲ್ಲಿದ್ದ ಅಕ್ಕಿ.
'ಅಗ್ಗಬಾಯಿ! ಇಷ್ಟು ದಿನ ಇದನ್ನೆಲ್ಲ ತಿಂದೆವಾ?'
ಕಲ್ಲೊಂದನ್ನು ಹೆಕ್ಕಿ ನನ್ನ ಅಂಗೈಗೆ ಹಾಕಿದಳು,
ರಸೀದಿಯ ಹಾಗೆ.
ನಂಬರ್ ಹನ್ನೆರಡು ಊರಿಗೆ ಹೋದವನು ತಿರುಗಿ ಬಂದಿಲ್ಲ.
ನಂಬರ್ ಇಪ್ಪತ್ತಾರರ ಬಾಗಿಲಲ್ಲಿ ಸೊಸೆ
ಗೋಡೆಯ ಫೋಟೋ ತೋರಿಸಿದಳು. ಹಾರ ಹೊಸದು.
ಹೊರಟವಳನ್ನು ಕರೆದು, 'ಇರಲಿ, ಕೊಡಿ' ಎಂದಳು,
ಫೋಟೋದ ಕೆಳಗೆ, ಊದುಬತ್ತಿಯ ಪಕ್ಕ ಇಟ್ಟಳು.
ಇದು ಕೊಟ್ಟದ್ದರ ಲೆಕ್ಕವೋ ಅಲ್ಲವೋ ತಿಳಿಯದೆ
ಪೆನ್ಸಿಲಿನಲ್ಲಿ ಒಂದು ಗೀಟೆಳೆದೆ.

ಎಲ್ಲವೂ ಹತ್ತಿರದ್ದನ್ನು ನೋಡುವ ಕನ್ನಡಕ.
ಸೂಜಿಯ ಕಣ್ಣು, ಲೈಟ್ ಬಿಲ್ಲು, ಮಾತ್ರೆಯ ಹೆಸರು,
ಮಗುವಿನ ತಲೆಯ ಹೇನು.
ದೂರದ್ದು ಅವರಿಗೆ ಮೊದಲಿಂದಲೂ ಕಾಣುತ್ತದೆ:
ಮುಲುಂಡಿನ ಟವರುಗಳು,
ನಲವತ್ತನೆಯ ಮಹಡಿಯ ದೀಪ.

ಪದಗ್ರಹಣಕ್ಕೆ ತಡವಾಗಿ ತಲುಪಿದೆ.
ನನ್ನ ಹಿಮ್ಮಡಿಯ ಕೆಸರು ಗ್ರೂಪ್ ಫೋಟೋದಲ್ಲಿದೆ.
ಕರ್ಕೇರರು ಮೈಕನ್ನು ಅಂಗೈಯಿಂದ ಮುಚ್ಚಿ ಕೇಳಿದರು,
'ಎಷ್ಟಾಯಿತು?'
ಒಂಬತ್ತು. ಮತ್ತೊಂದು ಗೀಟು.
'ಸ್ಕೂಟರು ಎಲ್ಲಿಯವರೆಗೆ ಹೋಗುತ್ತದೆ?'
ಬಂದರು, ಮೂರು ಭಾನುವಾರ,
ಏದುಸಿರು ಬಿಡುತ್ತ, ಮೆಟ್ಟಿಲೆಣಿಸುತ್ತ.
ನಾಲ್ಕನೆಯದಕ್ಕೆ ಆಂಬುಲೆನ್ಸಿನ ಮೀಟಿಂಗಿತ್ತು.

ಇಂದಿಗೆ ಬಾಕಿ ಹದಿನೈದು.
ಅವುಗಳಲ್ಲೊಂದು, ಇದ್ದದ್ದನ್ನು ಬರೆಯಬೇಕಲ್ಲ,
ನಂಬರ್ ಹತ್ತೊಂಬತ್ತು, ಬಾಳಕೃಷ್ಣ ಗುರವ್, ಪ್ಲಸ್ ಎರಡೂವರೆ,
ನನ್ನ ಮೂಗಿನ ಮೇಲಿದೆ.
ಈ ನಡಾವಳಿ ಬರೆದದ್ದು ಅದರಲ್ಲೇ.
ಅವನ ಗುರುತಿರುವವರು ದಯಮಾಡಿ ತಿಳಿಸಿ.
ಒರೆಸಿ ಕೊಡುತ್ತೇನೆ.